ಅಪ್ಪಾಜಿಯ ಧ್ವನಿಪೆಟ್ಟಿಗೆ ತೆಗೆಯಬೇಕು ಅಂದಿದ್ದಾರೆ. ಇನ್ನೊಬ್ಬ ಡಾಕ್ಟರಿಗೆ ತೋರಿಸೋಣವಾ?

ಹರಿಹರದ ಮಗಳು

ಎಲ್ಲರಿಗೂ ನಮಸ್ಕಾರ. ಮೂರು ರಾತ್ರಿಯಿಂದ ನಿದ್ದೆ ಇಲ್ಲ. ಯಾರಾದರೂ ದಾರಿ ಹೇಳಿ ಅಂತ ಬರೆಯುತ್ತಿದ್ದೇನೆ.

ಅಪ್ಪಾಜಿಗೆ 61 ವರ್ಷ. 33 ವರ್ಷ ಬಸ್ ಕಂಡಕ್ಟರ್ ಆಗಿದ್ದರು. ಹೋದ ವರ್ಷ ರಿಟೈರ್ ಆದರು. ಬೀಡಿ ಚಟ ಇತ್ತು. ಯುಗಾದಿ ಹೊತ್ತಿಗೆ ಗಂಟಲು ಕಟ್ಟಿತು. ಶೀತ ಇರಬೇಕು ಅಂದುಕೊಂಡೆವು. ಬಿಸಿನೀರು, ಶುಂಠಿ ಕಷಾಯ, ಮೆಡಿಕಲ್ ಶಾಪಿನ ಸಿರಪ್ಪು, ಎಲ್ಲಾ ಆಯಿತು. ಮೂರು ತಿಂಗಳಾದರೂ ಧ್ವನಿ ಸರಿ ಹೋಗಲಿಲ್ಲ. ದಾವಣಗೆರೆಯಲ್ಲಿ ಕಿವಿ ಮೂಗು ಗಂಟಲು ಡಾಕ್ಟರ್ ಕ್ಯಾಮೆರಾ ಹಾಕಿ ನೋಡಿದರು. ಒಂದು ಪಕ್ಕದ ಧ್ವನಿತಂತು ಅಲುಗಾಡುತ್ತಿಲ್ಲ, ಗಡ್ಡೆ ಇದೆ ಅಂದರು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತಲೇ ಬಂತು.

ಆಮೇಲೆ ಒಂದು ಖಾಸಗಿ ಆಸ್ಪತ್ರೆಗೆ ಹೋದೆವು. ಹೆಸರು ಬೇಡ. ಸಿಟಿ ಸ್ಕ್ಯಾನ್ ಆಯಿತು. ಅಪ್ಪಾಜಿಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ನನ್ನನ್ನೂ ಅಣ್ಣನನ್ನೂ ಒಳಗೆ ಕರೆದರು. ಕಾರ್ಟಿಲೇಜ್‌ಗೆ ಹಬ್ಬಿದೆ, ಪೂರ್ತಿ ಧ್ವನಿಪೆಟ್ಟಿಗೆ ತೆಗೆಯಬೇಕು, ಕುತ್ತಿಗೆಯಲ್ಲಿ ತೂತು ಇರುತ್ತದೆ, ಗುರುವಾರ ಆಪರೇಷನ್, ನಾಳೆ ಅಡ್ವಾನ್ಸ್ ಕಟ್ಟಿ ಅಂದರು. ಬೇರೆ ದಾರಿ ಇಲ್ವಾ ಸರ್ ಅಂತ ಅಣ್ಣ ಕೇಳಿದ. ತಡ ಮಾಡಿದರೆ ಜವಾಬ್ದಾರಿ ನಿಮ್ಮದು ಅಂದರು. ಅಷ್ಟೇ ಮಾತು.

ಅಪ್ಪಾಜಿಗೆ ನಾವಿನ್ನೂ ಏನೂ ಹೇಳಿಲ್ಲ. ಅವರು ಸಣ್ಣ ಗಡ್ಡೆ ಅಂದುಕೊಂಡಿದ್ದಾರೆ. ಇನ್ನೊಂದು ಕಡೆ ತೋರಿಸಿದರೆ ಈ ಡಾಕ್ಟರಿಗೆ ಬೇಜಾರಾಗುತ್ತಾ? ಅಷ್ಟರಲ್ಲಿ ಕಾಯಿಲೆ ಹಬ್ಬಿಬಿಟ್ಟರೆ? ದೊಡ್ಡಪ್ಪ ಬೇರೆ ಮಲೆನಾಡಿನ ಕಡೆ ತೊಗಟೆ ಔಷಧಿ ಕೊಡುತ್ತಾರೆ, ಕತ್ತಿ ಮುಟ್ಟಿಸಬೇಡಿ ಅಂತ ಹಟ ಹಿಡಿದಿದ್ದಾರೆ. ತಲೆ ಕೆಟ್ಟು ಹೋಗಿದೆ.

ಜಿಲ್ಲಾಸ್ಪತ್ರೆ ಡಾಕ್ಟರ್

ಅಮ್ಮಾ, ಮೊದಲು ಒಂದು ವಿಷಯ ಹೇಳಿ. ಅಪ್ಪಾಜಿ ಉಸಿರು ಎಳೆದುಕೊಳ್ಳುವಾಗ ಸದ್ದು ಬರುತ್ತಾ? ರಾತ್ರಿ ಮಲಗಿದಾಗ ಉಸಿರು ಕಟ್ಟಿದ ಹಾಗೆ ಆಗುತ್ತಾ? ಹಾಗಿದ್ದರೆ ಎರಡನೇ ಅಭಿಪ್ರಾಯ ಎಲ್ಲಾ ಆಮೇಲೆ. ತಕ್ಷಣ ಹತ್ತಿರದ ಆಸ್ಪತ್ರೆಗೆ ಹೋಗಬೇಕು. ಉಸಿರಿನ ದಾರಿ ಮುಚ್ಚಿಕೊಳ್ಳಲು ಹೊತ್ತು ಬೇಕಾಗಿಲ್ಲ.

ಅದಿಲ್ಲ ಅಂದರೆ ಧೈರ್ಯವಾಗಿ ಇನ್ನೊಂದು ಕಡೆ ತೋರಿಸಿ. ಈ ಗಡ್ಡೆ ಬೆಳೆಯಲು ತಿಂಗಳುಗಳೇ ಹಿಡಿದಿವೆ. ಸರಿಯಾಗಿ ನಿರ್ಧಾರ ಮಾಡಲು ಒಂದೆರಡು ವಾರ ತೆಗೆದುಕೊಂಡರೆ ಸಾಮಾನ್ಯವಾಗಿ ತೊಂದರೆ ಆಗುವುದಿಲ್ಲ. ಎಲ್ಲಾ ಕ್ಯಾನ್ಸರ್‌ಗೂ ಈ ಮಾತು ಅನ್ವಯಿಸಬೇಡಿ. ತೀವ್ರ ಸ್ವರೂಪದ ರಕ್ತದ ಕ್ಯಾನ್ಸರ್ ಆದರೆ ದಿನಗಳ ಲೆಕ್ಕ. ಅಲ್ಲಿ ಕಾಯುವ ಹಾಗೇ ಇಲ್ಲ.

ನಿಮ್ಮ ವಿಷಯದಲ್ಲಿ ಎಲ್ಲಾ ನಿಂತಿರುವುದು ಒಂದು ಪ್ರಶ್ನೆಯ ಮೇಲೆ. ಥೈರಾಯ್ಡ್ ಕಾರ್ಟಿಲೇಜ್ ಅನ್ನುವುದು ಗಂಟಲಿನ ಮುಂದೆ ಕೈಗೆ ಸಿಗುವ ಗಟ್ಟಿ ಭಾಗ. ಗಡ್ಡೆ ಅದರ ಒಳಪದರವನ್ನು ಮಾತ್ರ ಸ್ವಲ್ಪ ತಿಂದಿದ್ದರೆ ಟಿ3 (ಟಿ ಅಂದರೆ ಗಡ್ಡೆ ಎಷ್ಟು ಹಬ್ಬಿದೆ ಅನ್ನುವ ಹಂತ). ಹೊರಪದರ ದಾಟಿ ಆಚೆ ಬಂದಿದ್ದರೆ ಟಿ4ಎ. ಟಿ3 ಆಗಿದ್ದು ನುಂಗುವುದು, ಉಸಿರಾಡುವುದು ಚೆನ್ನಾಗಿದ್ದರೆ ಕೀಮೋ ಮತ್ತು ರೇಡಿಯೇಷನ್ ಒಟ್ಟಿಗೆ ಕೊಟ್ಟು ಧ್ವನಿಪೆಟ್ಟಿಗೆ ಉಳಿಸಲು ನೋಡಬಹುದು. ಟಿ4ಎ ಆಗಿದ್ದರೆ ಆಪರೇಷನ್ನೇ ಮೊದಲ ಆಯ್ಕೆ. ಈ ಗೆರೆ ಸಿಟಿಯಲ್ಲಿ ಯಾವಾಗಲೂ ಸ್ಪಷ್ಟ ಕಾಣುವುದಿಲ್ಲ. ಆದ್ದರಿಂದ ತಲೆ ಕುತ್ತಿಗೆ ಸ್ಕ್ಯಾನ್‌ಗಳನ್ನೇ ಹೆಚ್ಚು ನೋಡುವ ರೇಡಿಯಾಲಜಿಸ್ಟ್ ಅದನ್ನು ಇನ್ನೊಮ್ಮೆ ನೋಡಲೇಬೇಕು. ಅನುಮಾನ ಉಳಿದರೆ ಎಂಆರ್‌ಐ ಮಾಡಿಸುತ್ತಾರೆ.

ಧ್ವನಿಪೆಟ್ಟಿಗೆ ಉಳಿಸುವ ಚಿಕಿತ್ಸೆ ಹೊಸದೇನಲ್ಲ. 1991ರಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ದೊಡ್ಡ ಅಧ್ಯಯನ ಬಂತು. 332 ರೋಗಿಗಳು. ಅರ್ಧ ಜನಕ್ಕೆ ಆಪರೇಷನ್ ಮತ್ತು ರೇಡಿಯೇಷನ್, ಇನ್ನರ್ಧ ಜನಕ್ಕೆ ಮೊದಲು ಕೀಮೋ, ಆಮೇಲೆ ರೇಡಿಯೇಷನ್. ಎರಡು ವರ್ಷದ ನಂತರ ಎರಡೂ ಗುಂಪಿನಲ್ಲಿ ಬದುಕಿದ್ದವರು ನೂರಕ್ಕೆ 68. ಎರಡನೇ ಗುಂಪಿನಲ್ಲಿ ನೂರಕ್ಕೆ 64 ಜನರ ಧ್ವನಿಪೆಟ್ಟಿಗೆ ಉಳಿದಿತ್ತು. ಆದರೆ ಅದೇ ಗುಂಪಿನಲ್ಲಿ ಟಿ4 ಇದ್ದವರ ಪೈಕಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಕೊನೆಗೆ ಆಪರೇಷನ್ ಮಾಡಲೇಬೇಕಾಯಿತು. ರೇಡಿಯೇಷನ್ ಆದ ಕುತ್ತಿಗೆಯ ಮೇಲೆ ಆಪರೇಷನ್ ಮಾಡಿದರೆ ಗಾಯ ಬೇಗ ಮಾಯುವುದಿಲ್ಲ. ಆದ್ದರಿಂದ ಆ ಡಾಕ್ಟರ್ ಹೇಳಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಸರಿಯೇ ಇರಬಹುದು. ಆದರೆ ನಿಮಗೆ ಕಾರಣ ಹೇಳಬೇಕಿತ್ತು.

ಬೇಜಾರಿನ ಮಾತು ಬಿಡಿ. "ಸರ್, ಮನೆಯವರ ಸಮಾಧಾನಕ್ಕೆ ಇನ್ನೊಂದು ಕಡೆ ತೋರಿಸಿ ಬರುತ್ತೇವೆ, ರಿಪೋರ್ಟ್ ಕೊಡಿ" ಅನ್ನಿ. ನನಗೆ ದಿನಾ ಯಾರಾದರೂ ಈ ಮಾತು ಹೇಳುತ್ತಾರೆ.

ಶಿರಸಿಯ ಸಿರಿ

ನಮ್ಮ ಅಮ್ಮನ ಕಥೆ ಹೇಳುತ್ತೇನೆ. ಕಾಯಿಲೆ ಬೇರೆ, ಆದರೆ ಭಯ ಇದೇ. ಅಮ್ಮನಿಗೆ ಸ್ತನ ಕ್ಯಾನ್ಸರ್. ಪೂರ್ತಿ ಸ್ತನ ತೆಗೆಯಬೇಕು, ಆಮೇಲೆ ಕೀಮೋ ಅಂತ ಮೊದಲ ಕಡೆ ಹೇಳಿದ್ದರು. ರಿಪೋರ್ಟಿನ ಮೂಲೆಯಲ್ಲಿ "ಹರ್2 – 2 ಪ್ಲಸ್" ಅಂತ ಇತ್ತು. ಹರ್2 ಅಂದರೆ ಗಡ್ಡೆಯನ್ನು ಬೆಳೆಸುವ ಒಂದು ಪ್ರೋಟೀನ್ ಅಂತ ಆಗ ನಮಗೆ ಗೊತ್ತಿರಲಿಲ್ಲ. ಎರಡನೇ ಡಾಕ್ಟರ್ ಕನ್ನಡಕ ಏರಿಸಿಕೊಂಡು ಮೊದಲು ನೋಡಿದ್ದೇ ಆ ಸಾಲು. ಬೆರಳಿಟ್ಟು, "ಇದು ಹೌದೂ ಅಲ್ಲ, ಇಲ್ಲವೂ ಅಲ್ಲ. ಫಿಶ್ ಟೆಸ್ಟ್ ಮಾಡಿಸದೆ ಮುಂದೆ ಹೋಗಬಾರದು" ಅಂದರು. ಹರ್2 ಇದೆಯೋ ಇಲ್ಲವೋ ಅಂತ ಖಚಿತ ಮಾಡುವ ಆ ಟೆಸ್ಟ್ ಪಾಸಿಟಿವ್ ಬಂತು. ಚಿಕಿತ್ಸೆಯ ಸಾಲೇ ಬದಲಾಯಿತು. ಮೊದಲು ಕೀಮೋ ಜೊತೆ ಹರ್2 ತಡೆಯುವ ಟ್ರಾಸ್ಟುಜುಮಾಬ್ ಇಂಜೆಕ್ಷನ್, ಗಡ್ಡೆ ಕರಗಿದ ಮೇಲೆ ಅಷ್ಟು ಭಾಗ ಮಾತ್ರ ತೆಗೆದು ರೇಡಿಯೇಷನ್. ಆ ಇಂಜೆಕ್ಷನ್ ಮೊದಲು ನಮ್ಮಂಥವರ ಕೈಗೆ ಎಟುಕುವ ಬೆಲೆಯಲ್ಲಿ ಇರಲಿಲ್ಲವಂತೆ. 2014ರಲ್ಲಿ ಬೆಂಗಳೂರಿನ ಬಯೋಕಾನ್ ಅದೇ ಔಷಧಿಯ ಇಲ್ಲಿನ ರೂಪ ತಂದ ಮೇಲೆ ಕಡಿಮೆ ಆಯಿತು.

ಆವತ್ತು ಸುಮ್ನೆ ಅಡ್ವಾನ್ಸ್ ಕಟ್ಟಿದ್ದರೆ ಆ ಸಾಲನ್ನು ಯಾರು ಓದುತ್ತಿದ್ದರೋ ಗೊತ್ತಿಲ್ಲ. ಹೋಗಿ ತೋರಿಸಿ ತಂಗಿ.

ಬಳ್ಳಾರಿ ಬಸಣ್ಣ

ನನ್ನದು ಸ್ವಲ್ಪ ಕಹಿ ಮಾತು. ಕ್ಷಮಿಸಿ.

ನಮ್ಮ ತಮ್ಮನಿಗೆ ಬಾಯಿ ಕ್ಯಾನ್ಸರ್. ಗುಟ್ಕಾ. ಮೊದಲ ಡಾಕ್ಟರ್ ದವಡೆ ಭಾಗ ತೆಗೆಯಬೇಕು ಅಂದರು. ಎರಡನೆಯವರೂ ಅದನ್ನೇ ಹೇಳಿದರು. ನಮಗೆ ಬೇಕಿದ್ದ ಉತ್ತರ ಅದಲ್ಲ. ಆದ್ದರಿಂದ ಮೂರನೆಯವರು, ನಾಲ್ಕನೆಯವರು, ಐದನೆಯವರು. ಆಪರೇಷನ್ ಬೇಡ ಅನ್ನುವ ಬಾಯಿ ಹುಡುಕಿಕೊಂಡು ಊರೂರು ಅಲೆದೆವು. ಮೂರು ತಿಂಗಳು ಹೋಯಿತು. ವಾಪಸ್ ಬಂದಾಗ ಕುತ್ತಿಗೆಯ ಗಂಟು ಹೊರಗೆ ಕಾಣುತ್ತಿತ್ತು. ಮೊದಲ ದಿನ ಆಗುತ್ತಿದ್ದ ಆಪರೇಷನ್ ಆಗ ಆಗಲಿಲ್ಲ. ತಮ್ಮ ಈಗಿಲ್ಲ.

ಎರಡನೇ ಅಭಿಪ್ರಾಯ ತೆಗೆದುಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಇಬ್ಬರೂ ಒಂದೇ ಮಾತು ಹೇಳಿದರೆ ಅಲ್ಲಿಗೆ ನಿಲ್ಲಿಸಿ. ಇಬ್ಬರ ಮಾತು ಬೇರೆ ಬೇರೆಯಾದರೆ ಮಾತ್ರ ಮೂರನೆಯವರು. ಹೋಗುವ ಮೊದಲೇ ಕ್ಯಾಲೆಂಡರಿನಲ್ಲಿ ಒಂದು ತಾರೀಖಿಗೆ ಗುರುತು ಹಾಕಿ. ಆ ದಿನ ನಿರ್ಧಾರ ಆಗಲೇಬೇಕು ಅಂತ ಮನೆಯಲ್ಲಿ ಎಲ್ಲರೂ ಒಪ್ಪಿಕೊಳ್ಳಿ.

ಹರಿಹರದ ಮಗಳು

ಬಸಣ್ಣ ಅವರೇ, ಓದಿ ಕಣ್ಣು ತುಂಬಿ ಬಂತು. ನಿಮ್ಮ ಮಾತು ಅಣ್ಣನಿಗೂ ಓದಿ ಹೇಳಿದೆ. ಇವತ್ತಿನಿಂದ ಹತ್ತನೇ ದಿನಕ್ಕೆ ಗುರುತು ಹಾಕಿದ್ದೇವೆ.

ಡಾಕ್ಟರ್ ಸರ್, ಉಸಿರಾಟದಲ್ಲಿ ಸದ್ದು ಇಲ್ಲ. ಮೆಟ್ಟಿಲು ಹತ್ತಿದರೆ ಸ್ವಲ್ಪ ಏದುಸಿರು, ಅಷ್ಟೇ.

ಇವತ್ತು ರಿಪೋರ್ಟ್ ಕೇಳಲು ಹೋಗಿದ್ದೆ. ಸಿಟಿ ಫಿಲ್ಮ್ ಕೊಟ್ಟರು. ಬಯಾಪ್ಸಿಯ ಸ್ಲೈಡು, ಅಂದರೆ ಗಡ್ಡೆಯ ಚೂರು ಅಂಟಿಸಿದ ಗಾಜಿನ ಪಟ್ಟಿ, ಹೊರಗೆ ಕೊಡೋಕೆ ಬರಲ್ಲ ಅಂದುಬಿಟ್ಟರು. ಅಡ್ವಾನ್ಸ್ ಕಟ್ಟಿಲ್ಲ.

ಲ್ಯಾಬ್ ಲಲಿತಕ್ಕ

ಕೊಡಲೇಬೇಕು. ನಾನು 19 ವರ್ಷದಿಂದ ಪೆಥಾಲಜಿ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೇನೆ. ವೈದ್ಯರ ನಡವಳಿಕೆಯ 2002ರ ನಿಯಮದಲ್ಲಿಯೇ ಇದೆ: ರೋಗಿ ಅಥವಾ ರೋಗಿಯ ಕಡೆಯವರು ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಎರಡನೇ ಅಭಿಪ್ರಾಯ ಪಡೆಯುವುದು ರೋಗಿಯ ಹಕ್ಕು ಅಂತ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ರೋಗಿಗಳ ಹಕ್ಕುಪತ್ರದಲ್ಲೂ ಇದೆ. ಬಾಯಿಮಾತಲ್ಲಿ ಕೇಳಬೇಡಿ. ಬಿಳಿ ಹಾಳೆಯಲ್ಲಿ ಅಪ್ಪಾಜಿಯ ಸಹಿ ಹಾಕಿಸಿ, ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು ಹಾಕಿಸಿಕೊಳ್ಳಿ. ಜಗಳ ಬೇಡ. ಸೀಲು ಬಿದ್ದರೆ ಕೆಲಸ ತಾನಾಗಿ ಆಗುತ್ತೆ.

ಕೇಳುವಾಗ ಸ್ಲೈಡ್ ಮಾತ್ರ ಅಲ್ಲ, ಬ್ಲಾಕ್ ಕೂಡ ಕೇಳಿ. ಬ್ಲಾಕ್ ಅಂದರೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಪ್ಲಾಸ್ಟಿಕ್ ತಟ್ಟೆ, ಮೇಲೆ ಮೇಣ, ಮೇಣದೊಳಗೆ ನಿಮ್ಮ ಅಪ್ಪಾಜಿಯ ಗಡ್ಡೆಯ ಚೂರು. ಹೊಸ ಟೆಸ್ಟ್ ಬೇಕಾದರೆ ಅದರಿಂದಲೇ ಎಲೆಯಷ್ಟೂ ದಪ್ಪ ಇಲ್ಲದ ಪದರ ಕತ್ತರಿಸುತ್ತಾರೆ. ಮೇಣದ್ದು ಅನ್ನುವುದು ನೆನಪಿರಲಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ. ಸ್ಲೈಡ್‌ಗಳನ್ನು ಲ್ಯಾಬಿನವರು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಕೊಡುತ್ತಾರೆ. ಬ್ಯಾಗಿನ ತಳಕ್ಕೆ ತುರುಕದೆ ಕೈಯಲ್ಲೇ ಇಟ್ಟುಕೊಳ್ಳಿ. ನಂಬರು ರಿಪೋರ್ಟಿನ ನಂಬರಿಗೆ ಹೊಂದುತ್ತಾ ಅಂತ ಅಲ್ಲೇ ನೋಡಿಕೊಳ್ಳಿ.

ಸಿಟಿ ಫಿಲ್ಮ್ ಸಾಲದು. ಸಿಡಿ ಕೇಳಿ. ಕಂಪ್ಯೂಟರಿನಲ್ಲಿ ಒಂದೊಂದೇ ಪದರ ಸರಿಸಿ ನೋಡಿದರೆ ಮಾತ್ರ ಡಾಕ್ಟರ್ ಸರ್ ಹೇಳಿದ ಆ ಗೆರೆ ಸಿಗೋದು. ಮೊಬೈಲಿನಲ್ಲಿ ಫಿಲ್ಮಿನ ಫೋಟೊ ತೆಗೆದು ಕಳಿಸಿದರೆ ಏನೂ ಪ್ರಯೋಜನ ಇಲ್ಲ.

ಜಯನಗರದವನು

ಎಲ್ಲಿ ತೋರಿಸಬೇಕು ಅನ್ನೋದಕ್ಕೆ ನನ್ನ ಅನುಭವ. ಒಬ್ಬರೇ ಡಾಕ್ಟರ್ ನೋಡುವ ಜಾಗಕ್ಕಿಂತ ಟ್ಯೂಮರ್ ಬೋರ್ಡ್ ಇರುವ ಕಡೆ ಹೋಗಿ. ಸರ್ಜನ್, ರೇಡಿಯೇಷನ್ ಡಾಕ್ಟರ್, ಕೀಮೋ ಡಾಕ್ಟರ್, ಸ್ಕ್ಯಾನ್ ನೋಡುವವರು ಒಟ್ಟಿಗೆ ಕೂತು ಒಂದು ಕೇಸ್ ಮಾತಾಡುತ್ತಾರೆ. ಬೆಂಗಳೂರಲ್ಲಿ ಸರ್ಕಾರದ ಕಿದ್ವಾಯಿ ಸಂಸ್ಥೆ 1973ರಿಂದ ಇದೆ. ಜನ ಜಾಸ್ತಿ, ಬೆಳಿಗ್ಗೆ ಬೇಗ ಹೋಗಬೇಕು. ಮುಂಬೈಯ ಟಾಟಾ ಮೆಮೋರಿಯಲ್ ನಿಮಗೆ ಗೊತ್ತೇ ಇರುತ್ತೆ. ಅಲ್ಲಿಗೆ ಹೋಗಲು ಆಗದವರಿಗೆ ನವ್ಯ ಅನ್ನುವ ಆನ್‌ಲೈನ್ ವ್ಯವಸ್ಥೆ ಇದೆ. ಟಾಟಾ ಮೆಮೋರಿಯಲ್ ಮತ್ತು ದೇಶದ ಕ್ಯಾನ್ಸರ್ ಆಸ್ಪತ್ರೆಗಳ ಜಾಲವಾದ ನ್ಯಾಷನಲ್ ಕ್ಯಾನ್ಸರ್ ಗ್ರಿಡ್ ಜೊತೆ ಸೇರಿ ನಡೆಯುವಂಥದ್ದು. ರಿಪೋರ್ಟ್ ಅಪ್‌ಲೋಡ್ ಮಾಡಿದರೆ ತಜ್ಞರ ಅಭಿಪ್ರಾಯ ಬರಹದಲ್ಲಿ ಬರುತ್ತದೆ. ಆದರೆ ನಿಮ್ಮ ಅಪ್ಪಾಜಿಯ ವಿಷಯದಲ್ಲಿ ಡಾಕ್ಟರ್ ಕ್ಯಾಮೆರಾ ಹಾಕಿ ಕಣ್ಣಾರೆ ನೋಡುವುದು ಮುಖ್ಯ ಅನ್ನಿಸುತ್ತೆ. ನೇರವಾಗಿ ಕರೆದುಕೊಂಡು ಹೋಗಿ.

ರೇಷನ್ ಕಾರ್ಡ್, ಆಧಾರ್ ಎರಡೂ ಇಟ್ಟುಕೊಳ್ಳಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ 30 ಪರ್ಸೆಂಟ್, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ದುಡ್ಡು ಕಟ್ಟುವ ಮೊದಲೇ ಆಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕ್ಕೆ ಇರುವ ಆರೋಗ್ಯಮಿತ್ರರನ್ನು ಕಾಣಿ. ಕಟ್ಟಿದ ಮೇಲೆ ಕೇಳಿದರೆ ಕಷ್ಟ.

ಸಾಗರದ ಸುಮ

ದೊಡ್ಡಪ್ಪನ ವಿಷಯ ಯಾರೂ ಮಾತಾಡಿಲ್ಲ. ನಾನು ಆ ಕಡೆಯವಳೇ. ನಮ್ಮ ಭಾವ ಕೂಡ ತೊಗಟೆ ಔಷಧಿ ಕುಡಿದರು. ನಸುಕಿನಲ್ಲಿ ಎದ್ದು ಸಾಲಲ್ಲಿ ನಿಂತು ಪೊಟ್ಟಣ ತಂದುಕೊಟ್ಟವಳು ನಾನೇ. ನಂಬಿಕೆಯಿಂದಲೇ ತಂದೆ. ಎರಡು ತಿಂಗಳು ಕುಡಿದರು. ಗಡ್ಡೆ ತನ್ನ ಪಾಡಿಗೆ ತಾನು ಬೆಳೆಯಿತು. ಅದನ್ನು ಎರಡನೇ ಅಭಿಪ್ರಾಯ ಅಂತ ಕರೆಯಬೇಡಿ. ಸ್ಲೈಡ್ ನೋಡದವರು, ಸ್ಕ್ಯಾನ್ ನೋಡದವರು ಯಾವ ಅಭಿಪ್ರಾಯ ಕೊಡುತ್ತಾರೆ? ದೊಡ್ಡಪ್ಪನ ಜೊತೆ ವಾದ ಬೇಡ. ಆಸ್ಪತ್ರೆಗೆ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಡಾಕ್ಟರ್ ಬಾಯಿಂದಲೇ ಕೇಳಲಿ.

ಹರಿಹರದ ಮಗಳು

ಲಲಿತಕ್ಕ, ಸೀಲು ಹಾಕಿಸಿಕೊಂಡೆ. ಮರುದಿನವೇ ಸ್ಲೈಡು, ಬ್ಲಾಕು, ಸಿಡಿ ಮೂರೂ ಸಿಕ್ಕವು.

ಈಗ ಇನ್ನೊಂದು ಸಂಕಟ. ಆ ಹಾಳೆಗೆ ಸಹಿ ಹಾಕುವಾಗ ಅಪ್ಪಾಜಿ ಓದಿದರು. "ಇದು ಅದೇ ಕಾಯಿಲೆಯಾ?" ಅಂತ ಕೇಳಿದರು. ಆ ಒಡೆದ ಧ್ವನಿಯಲ್ಲಿ. ನಾನು ತಲೆ ತಗ್ಗಿಸಿದೆ. ಅವರು ಮಾತಾಡಲಿಲ್ಲ. ಎದ್ದು ಹೋಗಿ ಅಂಗಳದ ಗಿಡಕ್ಕೆ ನೀರು ಹಾಕಿದರು. ಧ್ವನಿ ಹೋಗುವ ವಿಷಯ ಇನ್ನೂ ಹೇಳಿಲ್ಲ. ಅವ್ವ ಬೇಡ ಅಂತಿದ್ದಾರೆ. ಎದೆ ಒಡೆದುಕೊಳ್ಳುತ್ತಾರೆ, ಆಪರೇಷನ್ ಆದ ಮೇಲೆ ಗೊತ್ತಾಗಲಿ ಅಂತಾರೆ. ಏನು ಮಾಡಲಿ?

ಮಾತಿನ ಟೀಚರ್, ಮೈಸೂರು

ದಯವಿಟ್ಟು ಹೇಳಿ. ನಾನು ಸ್ಪೀಚ್ ಥೆರಪಿಸ್ಟ್. ಧ್ವನಿಪೆಟ್ಟಿಗೆ ತೆಗೆಸಿಕೊಂಡವರಿಗೆ ಮತ್ತೆ ಮಾತು ಕಲಿಸುವುದು ನನ್ನ ಕೆಲಸದ ಭಾಗ. ಎಚ್ಚರವಾದಾಗ ಕೂಗಲು ಹೋಗಿ ಸದ್ದೇ ಬರದೆ, ಕುತ್ತಿಗೆ ಮುಟ್ಟಿ ನೋಡಿಕೊಂಡವರನ್ನು ನಾನು ನೋಡಿದ್ದೇನೆ. ಮನೆಯವರಿಗೆ ಗೊತ್ತಿತ್ತು, ಅವರಿಗೆ ಮಾತ್ರ ಗೊತ್ತಿರಲಿಲ್ಲ. ಆ ಸಿಟ್ಟು ಇಳಿಯಲು ತಿಂಗಳುಗಟ್ಟಲೆ ಬೇಕಾಯಿತು. ಮಾತು ಕಲಿಯಲು ಮನಸ್ಸೇ ಮಾಡಲಿಲ್ಲ. ಗೊತ್ತಿದ್ದು ಒಪ್ಪಿಕೊಂಡು ಬಂದವರು ಬೇಗ ಕಲಿಯುತ್ತಾರೆ.

ಧ್ವನಿಪೆಟ್ಟಿಗೆ ಹೋದರೆ ಮಾತೇ ಹೋಯಿತು ಅಂತಲ್ಲ. ಉಸಿರಿನ ನಳಿಕೆಗೂ ಅನ್ನನಾಳಕ್ಕೂ ನಡುವೆ ಒಂದು ಸಣ್ಣ ಕವಾಟ ಕೂರಿಸುತ್ತಾರೆ. ಕುತ್ತಿಗೆಯ ತೂತನ್ನು ಬೆರಳಿಂದ ಒತ್ತಿ ಉಸಿರು ಬಿಟ್ಟರೆ ಗಾಳಿ ಆ ಕವಾಟದ ಮೂಲಕ ಹೋಗಿ ಸದ್ದಾಗುತ್ತದೆ. ಗಡಸು ಧ್ವನಿ, ಆದರೆ ಮಾತು ಸ್ಪಷ್ಟ. ಹೊರದೇಶದ ಕವಾಟಕ್ಕೆ ಸಾವಿರಗಟ್ಟಲೆ ಆಗುತ್ತದೆ, ಆಗಾಗ ಬದಲಿಸಬೇಕು. ನಮ್ಮ ಬೆಂಗಳೂರಿನ ಸರ್ಜನ್ ಡಾ. ವಿಶಾಲ್ ರಾವ್ ಸುಮಾರು 50 ರೂಪಾಯಿಯ ಕವಾಟ ಮಾಡಿದ್ದು ಇದೇ ಕಾರಣಕ್ಕೆ. "ಓಂ" ಅಂತ ಅದರ ಹೆಸರು. ಕವಾಟ ಬೇಡ ಅಂದವರಿಗೆ ಕುತ್ತಿಗೆಗೆ ಹಿಡಿಯುವ ಬ್ಯಾಟರಿ ಯಂತ್ರ ಇದೆ. ಅನ್ನನಾಳದಿಂದಲೇ ಮಾತಾಡುವ ಅಭ್ಯಾಸವೂ ಇದೆ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಶುರುವಾದದ್ದೇ ಇಂಥ ಕೆಲಸಕ್ಕೆ.

ಎರಡನೇ ಡಾಕ್ಟರ್ ಬಳಿ ಇದನ್ನು ಖಂಡಿತ ಕೇಳಿ: ಆಪರೇಷನ್ನೇ ಆದರೆ ಕವಾಟದ ದಾರಿ ಅದೇ ದಿನ ಮಾಡುತ್ತೀರಾ? ಆಮೇಲೆ ಮಾತು ಕಲಿಸುವವರು ನಿಮ್ಮಲ್ಲಿ ಇದ್ದಾರಾ?

ಹರಿಹರದ ಮಗಳು

ಹೋಗಿ ಬಂದೆವು. ಎಂಟನೇ ದಿನ. ಬರೆಯಲು ಎರಡು ದಿನ ಬೇಕಾಯಿತು.

ಬೆಂಗಳೂರಿನ ಆಸ್ಪತ್ರೆ. ದೊಡ್ಡಪ್ಪನೂ ಬಂದಿದ್ದರು. ಸ್ಲೈಡು ಲ್ಯಾಬಿಗೆ ಕೊಟ್ಟೆವು. ಕ್ಯಾಮೆರಾ ಹಾಕಿ ನೋಡಿದರು. ಎಂಆರ್‌ಐ ಆಯಿತು. ಮೂರನೇ ದಿನ ಕರೆದರು. ಮೊದಲಿನ ಹಾಗೆ ನಾನೂ ಅಣ್ಣನೂ ಎದ್ದೆವು. ಆ ಮೇಡಂ ನಮ್ಮಿಬ್ಬರನ್ನು ನೋಡಿ, "ಕಾಯಿಲೆ ಯಾರಿಗೆ? ಅವರು ಬರಲಿ ಮೊದಲು" ಅಂದರು. ಅಪ್ಪಾಜಿಯನ್ನು ತಮ್ಮ ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡು ಕಂಪ್ಯೂಟರಿನ ಪರದೆ ಅವರ ಕಡೆ ತಿರುಗಿಸಿದರು.

ಕಪ್ಪು ಬಿಳುಪು ಚಿತ್ರ. ಗುರಾಣಿ ಆಕಾರದ ಒಂದು ಗೆರೆ. ಎಡಗಡೆ ಆ ಗೆರೆ ಕಿತ್ತುಹೋಗಿದೆ. ಮೇಡಂ ಪೆನ್ನಿನ ತುದಿ ಇಟ್ಟು, "ಯಜಮಾನರೇ, ಇಲ್ಲಿ ಗೋಡೆ ಒಡೆದು ಆಚೆ ಬಂದಿದೆ. ಒಳಗೇ ಇದ್ದಿದ್ದರೆ ಧ್ವನಿ ಉಳಿಸೋಕೆ ನೋಡುತ್ತಿದ್ದೆ. ಈಗ ಉಳಿಸೋಕೆ ಹೋದರೆ ನಿಮ್ಮನ್ನೇ ಕಳೆದುಕೊಳ್ಳಬಹುದು" ಅಂದರು.

ಮೊದಲ ಡಾಕ್ಟರ್ ಹೇಳಿದ್ದೇ ಸರಿ. ಆಪರೇಷನ್ನೇ.

ಅಪ್ಪಾಜಿ ತುಂಬಾ ಹೊತ್ತು ಆ ಪರದೆ ನೋಡಿದರು. ಆಮೇಲೆ ಅವರೇ ಒಂದೊಂದಾಗಿ ಕೇಳಿದರು. ನಾವು ಬರೆದುಕೊಂಡು ಹೋಗಿದ್ದ ಚೀಟಿ ಜೇಬಲ್ಲೇ ಉಳಿಯಿತು. ಊಟ ಬಾಯಿಂದಲೇನಾ? ಹೌದು, ಗಾಯ ಮಾದ ಮೇಲೆ. ಸ್ನಾನ? ತೂತಿಗೆ ನೀರು ಹೋಗದ ಹಾಗೆ ನೋಡಿಕೊಳ್ಳಬೇಕು, ಹೊಳೆಯಲ್ಲಿ ಈಜುವ ಹಾಗಿಲ್ಲ. ಇದಕ್ಕೆ ಅವರ ಮುಖ ಸಣ್ಣದಾಯಿತು. ಬಾಲ್ಯದಿಂದ ತುಂಗಭದ್ರೆಯಲ್ಲಿ ಈಜಿದವರು. ಮಾತು? ಕವಾಟದ ದಾರಿ ಅದೇ ಆಪರೇಷನ್ನಿನಲ್ಲಿ ಮಾಡುತ್ತೇವೆ ಅಂದರು. ಅಲ್ಲಿ ಹಾಗೆ ಮಾತಾಡುವ ಒಬ್ಬರನ್ನು ವಾರ್ಡಿನಿಂದ ಕರೆಸಿದರು. ರಾಯಚೂರು ಕಡೆಯವರು. ಹೆಬ್ಬೆರಳು ಕುತ್ತಿಗೆಗೆ ಒತ್ತಿ, "ಹೆದರಬ್ಯಾಡ್ರಿ ಅಣ್ಣಾರ" ಅಂದರು. ದೊಡ್ಡಪ್ಪ ಟವೆಲಿನಿಂದ ಕಣ್ಣೊರೆಸಿಕೊಂಡರು. ತೊಗಟೆಯ ಮಾತು ಅಲ್ಲಿಗೆ ಮುಗಿಯಿತು.

ಮೊದಲ ಕಡೆ ಯಾರೂ ಹೇಳದ ವಿಷಯ ಇನ್ನೂ ಇದ್ದವು. ಕುತ್ತಿಗೆಯ ಎರಡೂ ಕಡೆ ಗಂಟುಗಳನ್ನು ತೆಗೆಯಬೇಕಂತೆ. ಆಮೇಲೆ ಆರು ವಾರ ರೇಡಿಯೇಷನ್ ಬೇಕೇ ಬೇಕು. ಅದಕ್ಕೆ ಮೊದಲು ಹುಳುಕು ಹಲ್ಲು ಕೀಳಿಸಬೇಕು, ರೇಡಿಯೇಷನ್ ಆದ ಮೇಲೆ ಕಿತ್ತರೆ ದವಡೆ ಮೂಳೆ ಮಾಯುವುದಿಲ್ಲ ಅಂತ ಹಲ್ಲಿನ ಡಾಕ್ಟರ್ ಹತ್ತಿರ ಕಳಿಸಿದರು. ಬೀಡಿ ಆವತ್ತೇ ನಿಂತಿತು. ಜೇಬಿನ ಕಟ್ಟನ್ನು ಅಪ್ಪಾಜಿ ಆಸ್ಪತ್ರೆ ಗೇಟಿನ ಕಸದ ಡಬ್ಬಿಗೆ ಹಾಕಿದರು.

ಬಸ್ಸಿನಲ್ಲಿ ವಾಪಸ್ ಬರುವಾಗ ನನ್ನ ಕಿವಿ ಹತ್ತಿರ ಬಗ್ಗಿ, "ಮೊದಲೇ ಹೇಳಿದ್ದರೆ ಮೊದಲೇ ಕೇಳ್ತಿದ್ದೆ" ಅಂದರು. ಬೈಯಲಿಲ್ಲ. ಅಷ್ಟೇ ಹೇಳಿದರು.

ಬಳ್ಳಾರಿ ಬಸಣ್ಣ

ಒಳ್ಳೆಯದಾಗಲಿ ತಂಗಿ. ಹತ್ತು ದಿನದೊಳಗೆ ಮುಗಿಸಿದಿರಿ. ನನ್ನ ತಮ್ಮನಿಗೆ ನಾನು ಮಾಡಲಾಗದ್ದನ್ನು ನೀವು ಮಾಡಿದಿರಿ.

ಹರಿಹರದ ಮಗಳು

ಎರಡು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಆಪರೇಷನ್ ಆಯಿತು. ಮೂಗಿನ ನಳಿಕೆ ತೆಗೆದರು. ಈಗ ಗಂಜಿ, ಮೆತ್ತಗಿನ ಅನ್ನ ಬಾಯಿಂದಲೇ ಉಣ್ಣುತ್ತಾರೆ. ರೇಡಿಯೇಷನ್ ಅರ್ಧ ಆಗಿದೆ. ಕುತ್ತಿಗೆಯ ಚರ್ಮ ಕಪ್ಪಾಗಿದೆ, ಬಾಯಿ ಒಣಗುತ್ತೆ, ರುಚಿ ಗೊತ್ತಾಗಲ್ಲ ಅಂತ ಸ್ಲೇಟಿನ ಮೇಲೆ ಬರೆಯುತ್ತಾರೆ. ಮಾತಿನ ಅಭ್ಯಾಸ ಶುರುವಾಗಿದೆ. ಹೋದ ವಾರ ಒಂದರಿಂದ ಹತ್ತು ಎಣಿಸಿದರು. ಅವ್ವ ಅಡುಗೆಮನೆಯಿಂದ ಓಡಿ ಬಂದರು.

ಆಪರೇಷನ್ನಿಗೆ ಹೋಗುವ ಹಿಂದಿನ ದಿನ ಮೊಮ್ಮಗನ ಹೆಸರನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟರು. ಒಡೆದ ಧ್ವನಿಯೇ. ಅವರಿಗೆ ಗೊತ್ತಿದ್ದರಿಂದ ಅಷ್ಟಾದರೂ ಆಯಿತು.

ಕೊಪ್ಪಳದ ಕಿರಣ

ಅಕ್ಕಾ, ಹಳೇ ಮಾತು ಎಲ್ಲಾ ಈಗಷ್ಟೇ ಓದಿದೆ. ನಮ್ಮ ಮಾವನಿಗೂ ಇದೇ ಹೇಳಿದ್ದಾರೆ. ಬಯಾಪ್ಸಿ ಆಗಿದೆ, ಸಿಟಿ ಆಗಿದೆ. ಸೋಮವಾರ ಅಡ್ಮಿಟ್ ಆಗಿ ಅಂತಾರೆ. ಎಲ್ಲಿಂದ ಶುರು ಮಾಡಲಿ?

ಹರಿಹರದ ಮಗಳು

ಕಿರಣ, ಸಿಡಿ, ಸ್ಲೈಡು, ಬ್ಲಾಕಿಗೆ ಇವತ್ತೇ ಅರ್ಜಿ ಕೊಡಿ. ಸಹಿ ಮಾವನದ್ದೇ ಇರಲಿ, ಓದಿ ಹಾಕಲಿ. ಆದರೆ ಅದಕ್ಕೂ ಮೊದಲು ಹೇಳಿ, ಅವರು ಉಸಿರು ಎಳೆದುಕೊಳ್ಳುವಾಗ ಸದ್ದು ಬರುತ್ತಾ?